ಯಾವ ವರ್ಷದ ಒರಿಜಿನಲ್?

ಅಳಿಯ: ಮಾವ, ನಾನು ತೀರ್ಮಾನ ಮಾಡಿಕೊಂಡೇ ಬಂದಿದ್ದೀನಿ. ಷೆವರ್ಲೆಯ ಹಿಂದಿರುವ ಆ ಮರದ ಡಬ್ಬಾ ತೆಗೆಸಿ ಮೊದಲಿದ್ದ ಹಾಗೆ ಟೂರರ್ ಮಾಡಿಸ್ತೀನಿ. ಬಿಚ್ಚುವಾಗ ನೀವು ಜೊತೆಗಿರಬೇಕು.

ಮಾವ: ಮೊದಲಿದ್ದ ಹಾಗೆ ಅಂದರೆ ಯಾವಾಗ ಇದ್ದ ಹಾಗೆ?

ಅಳಿಯ: 1929ರಲ್ಲಿ ಇದ್ದ ಹಾಗೆ. ಬಾಂಬೆಯ ಸಿವ್ರಿ ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೆ. ನಾಲ್ಕು ಬಾಗಿಲು, ಮಡಚುವ ಕ್ಯಾನ್ವಾಸ್ ಟಾಪು, ಹಿಂದೆ ಉದ್ದದ ಸೀಟು. ಅಜ್ಜ ತೋಟದ ಬಂಗಲೆ ಮುಂದೆ ಅದರಲ್ಲಿ ಕೂತಿರುವ ಫೋಟೊ ಮನೆಯಲ್ಲಿ ಇದೆಯಲ್ಲ, ಅದನ್ನ ನೋಡಿಕೊಂಡೇ ಬೆಳೆದವನು ನಾನು. ಆಮೇಲೆ ಕಾಫಿ ಮೂಟೆ ಹೊರೋದಕ್ಕೆ ಅಂತ ಹಿಂಭಾಗ ಕತ್ತರಿಸಿ ಪಿಕಪ್ ಮಾಡಿಬಿಟ್ಟರು. ಅಂಥ ಗಾಡಿಗೆ ಹಾಗೆ ಮಾಡಬಾರದಿತ್ತು.

ಮಾವ: ಕತ್ತರಿಸಿದ ಹಿಂಭಾಗ ಈಗೆಲ್ಲಿದೆ?

ಅಳಿಯ: ಎಲ್ಲಿಂದ ಇರುತ್ತೆ? ಆಗಲೇ ಗುಜರಿಗೆ ಹೋಗಿರುತ್ತೆ. ಹೊಸದು ಮಾಡಿಸಬೇಕು. ಬೆಂಗಳೂರಲ್ಲಿ ಒಬ್ಬರು ಟಿಂಕರಿಂಗ್ ಮೇಸ್ತ್ರಿ ಒಪ್ಪಿದ್ದಾರೆ. ಅಮೆರಿಕದಿಂದ ಅಳತೆ ತರಿಸಿಕೊಟ್ಟರೆ ಸಾಗುವಾನಿ ಚೌಕಟ್ಟು ಕಟ್ಟಿ, ಮೇಲೆ ತಗಡು ಹೊಡೆದು, ಬಾಗಿಲು ಕೂರಿಸಿ ಕೊಡ್ತಾರಂತೆ.

ಮಾವ: ಹಾಗಾದರೆ ನಿನ್ನ ಕೈಗೆ ಬರೋದು 1929ರ ಟೂರರ್ ಅಲ್ಲ, ಈ ವರ್ಷ ಬೆಂಗಳೂರಲ್ಲಿ ಹುಟ್ಟಿದ ಟೂರರ್. ಮೇಸ್ತ್ರಿಯ ಕೈಕೆಲಸ ಎಷ್ಟೇ ಚೊಕ್ಕಟವಾಗಿರಲಿ, ಆ ಬಾಡಿಯ ವಯಸ್ಸು ಸೊನ್ನೆ. ಈಗಿರುವ ಮರದ ಡಬ್ಬಾಕ್ಕೆ ಏನಿಲ್ಲವೆಂದರೂ ಎಂಬತ್ತು ವರ್ಷ. ಎಂಬತ್ತು ವರ್ಷದ್ದನ್ನ ಕಿತ್ತುಹಾಕಿ ನಿನ್ನೆಯದನ್ನ ಕೂರಿಸಿ, ಅದಕ್ಕೆ ಒರಿಜಿನಲ್ ಅಂತ ಹೆಸರಿಡೋದು ಹೇಗೆ, ನೀನೇ ಹೇಳು.

ಅಳಿಯ: ಜಗತ್ತೆಲ್ಲ ಹಾಗೇ ಮಾಡೋದಲ್ಲವಾ? ರೆಸ್ಟೊರೇಶನ್ ಅಂದರೆ ಕಾರ್ಖಾನೆಯ ಸ್ಥಿತಿಗೆ ತರೋದು. ಪ್ರದರ್ಶನದಲ್ಲಿ ತೀರ್ಪುಗಾರರು ಒಂದೊಂದು ಬೋಲ್ಟಿನ ತಲೆಯನ್ನೂ ನೋಡಿ ಅಂಕ ಕೊಡ್ತಾರೆ.

ಮಾವ: ಕೊಡ್ತಾರೆ, ಇಲ್ಲ ಅನ್ನಲ್ಲ. ಆದರೆ ಮೊದಲು ನಮ್ಮ ಗಾಡಿಯ ಲೆಕ್ಕ ನೋಡು. ಷೆವರ್ಲೆ ಆರು ಸಿಲಿಂಡರಿನ ಎಂಜಿನ್ನಿನ ಈ ಮಾದರಿಯನ್ನ ತಂದದ್ದೇ 1929ರಲ್ಲಿ. ಅದಕ್ಕೂ ಮೊದಲು ನಾಲ್ಕು ಸಿಲಿಂಡರ್. ಆ ಒಂದು ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ಹೊರಬಿತ್ತು. ಅಮೆರಿಕದಲ್ಲಿ ಇವತ್ತಿಗೂ ಹುಡುಕಿದರೆ ಟೂರರ್ ಸಿಗುತ್ತೆ, ಅದರ ಬಿಡಿ ಭಾಗವೂ ಸಿಗುತ್ತೆ. ಜನರಲ್ ಮೋಟರ್ಸ್ ಸಿವ್ರಿಯಲ್ಲಿ ಜೋಡಣೆ ಶುರು ಮಾಡಿದ್ದು 1928ರಲ್ಲಿ, ಮುಚ್ಚಿದ್ದು 1954ರಲ್ಲಿ. ಪೆಟ್ಟಿಗೆಗಳಲ್ಲಿ ಹಡಗಿನ ಮೇಲೆ ಬಂದ ಭಾಗಗಳನ್ನ ಇಲ್ಲಿನ ಕೆಲಸಗಾರರು ಜೋಡಿಸಿದ ಮೊದಮೊದಲ ಕಾರುಗಳಲ್ಲಿ ಇದೂ ಒಂದು. ಅದು ಒಂದು ಅಪರೂಪ. ಸಕಲೇಶಪುರದ ತೋಟದಲ್ಲಿ ಒಬ್ಬ ಆಚಾರಿ ಅದನ್ನ ಪಿಕಪ್ ಮಾಡಿದ್ದು ಇನ್ನೊಂದು ಅಪರೂಪ. ಎರಡನೆಯದು ಇಡೀ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ. ನೀನು ತೆಗೆಸಬೇಕು ಅಂತ ಹೊರಟಿರೋದು ಅದನ್ನೇ.

ಅಳಿಯ: ಒಂದು ಮರದ ಪೆಟ್ಟಿಗೆಯನ್ನ ನೀವು ಇಷ್ಟು ದೊಡ್ಡದು ಮಾಡ್ತೀರಲ್ಲ.

ಮಾವ: ನೀನು ಅದನ್ನ ಹತ್ತಿರದಿಂದ ನೋಡಿಲ್ಲ. ಬಾ, ಟಾರ್ಚ್ ಹಿಡಿ. ಹಲಗೆ ಎಲ್ಲ ಹೊನ್ನೆ ಮರ. ಮೊಳೆ ಒಂದೂ ಇಲ್ಲ, ಎಲ್ಲ ಜೋಡಣೆ ಕೂರುಗಚ್ಚು. ಹಿಂಬಾಗಿಲಿಗೆ ಹಾಕಿರೋದು ಎತ್ತಿನ ಗಾಡಿಯ ಸರಪಳಿ, ಕೊಂಡಿ. ಅವನಿಗೆ ಗೊತ್ತಿದ್ದ ಕೀಲು ಅದೇ, ಅದನ್ನೇ ಹಾಕಿದ. ಈಗ ಕೆಳಗೆ ಬಗ್ಗಿ ನೋಡು. ಚಾಸಿಗೆ ಒಂದು ತೂತನ್ನೂ ಹೊಸದಾಗಿ ಕೊರೆದಿಲ್ಲ. ಕಬ್ಬಿಣದ ಪಟ್ಟಿ ಬಗ್ಗಿಸಿ ತಬ್ಬಿ ಹಿಡಿಯೋ ಹಾಗೆ ಕ್ಲಾಂಪ್ ಮಾಡಿದ್ದಾನೆ. ನಟ್ಟು ಸಡಿಲಿಸಿದರೆ ಡಬ್ಬಾ ಇಡಿಯಾಗಿ ಎದ್ದು ಬರುತ್ತೆ. ಒಳಗಡೆಯ ಹಲಗೆ ಮೇಲೆ ಗೀಟು ಕಾಣುತ್ತಾ? ಐದೈದರ ಗುಂಪು. ಮೂಟೆ ಏರಿಸುವಾಗ ಹಾಕಿದ ಲೆಕ್ಕ ಅದು, ಉಳಿಯ ಮೂಲೆಯಿಂದ ಗೀಚಿದ್ದು.

ಅಳಿಯ: ಇದನ್ನ ನಾನು ಗಮನಿಸಿರಲಿಲ್ಲ.

ಮಾವ: ಇನ್ನೊಂದಿದೆ. ಎಡಗಡೆ ಫುಟ್‌ಬೋರ್ಡ್ ಮುಟ್ಟಿ ನೋಡು. ನಾಲ್ಕು ತೂತು, ಅಂತರ ಒಂದೊಂದಕ್ಕೂ ಬೇರೆ ಬೇರೆ. ಕೈ ಡ್ರಿಲ್ಲಿನಲ್ಲಿ ಕೊರೆದದ್ದು. ಸುತ್ತ ಲೋಹ ನೀಲಿಗಟ್ಟಿದೆ, ಬೆಂಕಿಯ ಕಾವಿಗೆ. ಅಲ್ಲಿ ಇದ್ದಿಲು ಗ್ಯಾಸಿನ ಒಲೆ ಕೂತಿತ್ತು. ಎರಡನೇ ಮಹಾಯುದ್ಧದ ಹೊತ್ತಿಗೆ ಪೆಟ್ರೋಲಿಗೆ ರೇಷನ್ ಬಂತಲ್ಲ, ಆಗ ನಮ್ಮ ಮೈಸೂರು ಸೀಮೆಯ ಬಸ್ಸುಗಳೆಲ್ಲ ಇದ್ದಿಲಿನ ಮೇಲೆ ಓಡಿದವು. ಇದ್ದಿಲನ್ನ ಗಾಳಿ ಸಾಲದ ಹಾಗೆ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಅದನ್ನ ಸೋಸಿ, ತಣಿಸಿ, ಪೆಟ್ರೋಲಿನ ಬದಲಿಗೆ ಎಂಜಿನ್ನಿಗೆ ಎಳೆಸೋದು. ಶಕ್ತಿ ಕುಗ್ಗುತ್ತಿತ್ತು, ಏರು ಬಂದರೆ ಜನ ಇಳಿದು ತಳ್ಳಬೇಕಿತ್ತು. ಹಳಬರನ್ನ ಕೇಳಿದರೆ ಎಲ್ಲರೂ ಆ ಬಸ್ಸಿನ ಕಥೆ ಹೇಳ್ತಾರೆ. ಹೇಳೋರಿದ್ದಾರೆ, ತೋರಿಸೋಕೆ ಗಾಡಿಗಳೇ ಉಳಿದಿಲ್ಲ. ಈ ನಾಲ್ಕು ತೂತು ಉಳಿದಿವೆ. ನಿನ್ನ ಮೇಸ್ತ್ರಿ ಮಾಡೋ ಮೊದಲ ಕೆಲಸ ಈ ಫುಟ್‌ಬೋರ್ಡ್ ತೆಗೆದು ಹೊಸ ತಗಡು ಹಾಕೋದು.

ಅಳಿಯ: ಸರಿ, ಒಪ್ಪಿದೆ. ಆದರೆ ನಿಮ್ಮ ಮಾತನ್ನೇ ಹಿಡಿದು ನಾನು ಒಂದು ಕೇಳ್ತೀನಿ. ತೋಟದವರು ಅವರ ಕಾಲಕ್ಕೆ, ಅವರ ಅಗತ್ಯಕ್ಕೆ ಗಾಡಿ ಬದಲಾಯಿಸಿದರು. ಅದು ಚರಿತ್ರೆ ಆಯಿತು. ಹಾಗಾದರೆ ನನ್ನ ಕಾಲದ ಅಗತ್ಯಕ್ಕೆ ನಾನು ಬದಲಾಯಿಸಿದರೆ ಅದು ಯಾಕೆ ಚರಿತ್ರೆ ಅಲ್ಲ? ನನಗೆ ಶಿರಾಡಿ ಘಾಟಿಯಲ್ಲಿ ಟ್ಯಾಂಕರುಗಳ ನಡುವೆ ಇಳಿಯಬೇಕು. ಈ ಗಾಡಿಗೆ ಇರೋದು ಸರಳು ಎಳೆಯುವ ಮೆಕ್ಯಾನಿಕಲ್ ಬ್ರೇಕು. ಮುಂದಕ್ಕೆ ಡಿಸ್ಕ್ ಬ್ರೇಕ್ ಹಾಕ್ತೀನಿ. ಹನ್ನೆರಡು ವೋಲ್ಟ್ ಮಾಡಿ ಆಲ್ಟರ್ನೇಟರ್ ಕೂರಿಸ್ತೀನಿ. ಗೇರ್ ಬಾಕ್ಸಿನಲ್ಲಿ ಸಿಂಕ್ರೊಮೆಶ್ ಇಲ್ಲ, ಒಂದೊಂದು ಗೇರಿಗೂ ಎರಡೆರಡು ಸಲ ಕ್ಲಚ್ ತುಳಿಯಬೇಕು, ಅದನ್ನೂ ಬದಲಿಸ್ತೀನಿ. ಎಂಬತ್ತು ವರ್ಷ ಕಳೆದ ಮೇಲೆ ಯಾರಾದರೊಬ್ಬ ಮಾವ ಟಾರ್ಚ್ ಹಿಡಿದು ನನ್ನ ಡಿಸ್ಕ್ ಬ್ರೇಕನ್ನೂ ಹೀಗೇ ಹೊಗಳಲಿ.

ಮಾವ: ಇದು ಸರಿಯಾದ ಪ್ರಶ್ನೆ. ಇಷ್ಟು ಹೊತ್ತು ನೀನು ಕೇಳಿದ್ದಕ್ಕೆಲ್ಲ ಉತ್ತರ ಸುಲಭ ಇತ್ತು, ಇದಕ್ಕೆ ಇಲ್ಲ. ಇದೇ ಪ್ರಶ್ನೆ ಇಂಗ್ಲೆಂಡಿನಲ್ಲಿ ಕೋರ್ಟು ಮೆಟ್ಟಿಲು ಹತ್ತಿತ್ತು, ಗೊತ್ತಾ?

ಅಳಿಯ: ಕಾರಿನ ಒರಿಜಿನಾಲಿಟಿ ಬಗ್ಗೆ ಕೇಸಾ?

ಮಾವ: ಹೌದು. ಬೆಂಟ್ಲಿಯ ಕಾರು, ಹೆಸರು ಓಲ್ಡ್ ನಂಬರ್ ಒನ್. ಸ್ಪೀಡ್ ಸಿಕ್ಸ್ ಮಾದರಿ, ಆರೂವರೆ ಲೀಟರಿನ ಎಂಜಿನ್ನು. ಲೆ ಮಾನ್‌ನ 24 ಗಂಟೆಯ ರೇಸನ್ನ 1929ರಲ್ಲಿ ಗೆದ್ದಿತು, ವುಲ್ಫ್ ಬಾರ್ನಾಟೊ ಮತ್ತು ಟಿಮ್ ಬರ್ಕಿನ್ ಓಡಿಸಿದ್ದರು. ಮರುವರ್ಷ ಬಾರ್ನಾಟೊ, ಗ್ಲೆನ್ ಕಿಡ್‌ಸ್ಟನ್ ಜೋಡಿ ಅದರಲ್ಲೇ ಮತ್ತೆ ಗೆದ್ದಿತು. ರೇಸಿನ ಗಾಡಿ ಅಂದಮೇಲೆ ಎರಡು ರೇಸಿನ ನಡುವೆ ಸುಮ್ಮನೆ ಇರುತ್ತಾ? ಸವೆದದ್ದು, ಮುರಿದದ್ದು, ಹಗುರ ಮಾಡಬೇಕಾದ್ದು ಎಲ್ಲ ಬದಲಾಗ್ತಾ ಹೋಯಿತು. ಆಮೇಲೆ ಎಂಟು ಲೀಟರಿನ ಎಂಜಿನ್ನು ಬಂತು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಅದು ದಂಡೆ ಹಾರಿ ಬಿದ್ದು ಕ್ಲೈವ್ ಡನ್‌ಫೀ ತೀರಿಕೊಂಡರು. ಅದನ್ನ ಮತ್ತೆ ಕಟ್ಟಿದರು, ಈ ಸಲ ರಸ್ತೆಯ ಮೇಲೆ ಓಡೋ ಕಾರಾಗಿ. ಎಷ್ಟೋ ವರ್ಷದ ಮೇಲೆ ಮತ್ತೆ ಲೆ ಮಾನ್ ಕಾಲದ ರೂಪ ಕೊಟ್ಟರು. ಕೊನೆಗೆ ಅದನ್ನ ಒಂದು ಕೋಟಿ ಪೌಂಡಿನ ಲೆಕ್ಕದಲ್ಲಿ ಮಾರೋ ಒಪ್ಪಂದ ಆಯಿತು. ಕೊಳ್ಳೋನು ಹಿಂದೆ ಸರಿದ. ಇದು ಆ ಕಾರೇ ಅಲ್ಲ, ಗೆದ್ದ ಕಾರಿನ ಭಾಗಗಳೇ ಇದರಲ್ಲಿ ಇಲ್ಲ ಅಂದ. ಮಾರಿದವನು ಕೋರ್ಟಿಗೆ ಹೋದ. 1990ರಲ್ಲಿ ನ್ಯಾಯಮೂರ್ತಿ ಆಟನ್ ತೀರ್ಪು ಕೊಟ್ಟರು.

ಅಳಿಯ: ಏನಂತ?

ಮಾವ: ತಜ್ಞರನ್ನ ಕರೆಸಿ ಭಾಗ ಭಾಗ ಎಣಿಸಿದರು. 1929ರಲ್ಲಿ ಗೆದ್ದ ಕಾರಿನದ್ದು ಬೆರಳೆಣಿಕೆಯ ಭಾಗ ಮಾತ್ರ ಉಳಿದಿದೆ ಅಂತ ತಿಳಿಯಿತು. ಅಷ್ಟಾದರೂ ನ್ಯಾಯಮೂರ್ತಿ ಮಾರಿದವನ ಪರ ನಿಂತರು. ಈ ಕಾರು ಯಾವತ್ತೂ ಚೂರುಚೂರಾಗಿ ಹರಡಿ ಹೋಗಿಲ್ಲ, ಮಾಯವಾಗಿ ಮತ್ತೆ ಹುಟ್ಟಿಲ್ಲ. ಒಂದು ಬದಲಾವಣೆಯಿಂದ ಇನ್ನೊಂದಕ್ಕೆ ಎಳೆ ತುಂಡಾಗದೆ ಬಂದಿದೆ. ಓಲ್ಡ್ ನಂಬರ್ ಒನ್ ನಾನು ಅಂತ ಹೇಳಿಕೊಳ್ಳೋ ಹಕ್ಕು ಇದನ್ನ ಬಿಟ್ಟು ಬೇರೆ ಯಾವ ಬೆಂಟ್ಲಿಗೂ ಇಲ್ಲ. ಆದ್ದರಿಂದ ಇದು ಅಸಲಿ ಅಂದರು.

ಅಳಿಯ: ನೋಡಿ ಮತ್ತೆ! ಈ ತೀರ್ಪು ನನ್ನ ಕಡೆಗೇ ಇದೆ. ಭಾಗ ಎಷ್ಟು ಬದಲಾದರೂ ಎಳೆ ತುಂಡಾಗದಿದ್ದರೆ ಕಾರು ಅದೇ ಕಾರು. ಹಾಗಾದರೆ ನನ್ನ ಡಿಸ್ಕ್ ಬ್ರೇಕಿಗೆ ಏನು ಅಡ್ಡಿ?

ಮಾವ: ತೀರ್ಪು ನಿನ್ನ ಕಡೆ ಅರ್ಧ ಇದೆ. ಕಾರಿನ ಗುರುತು ಉಳಿಯಿತು ಅಂದರು ಅಷ್ಟೆ, ಏನೂ ಕಳೆದುಹೋಗಿಲ್ಲ ಅಂತ ಅವರು ಹೇಳಲಿಲ್ಲ. 1929ರಲ್ಲಿ ಬೆಂಟ್ಲಿಯವರು ಲೆ ಮಾನ್‌ಗೆ ಗಾಡಿಯನ್ನ ಹೇಗೆ ಅಣಿ ಮಾಡಿದ್ದರು, ಯಾವ ಲೋಹ ಎಷ್ಟು ದಪ್ಪ ಇತ್ತು, ಎಲ್ಲಿ ಅರ ಹಾಕಿ ತೂಕ ಇಳಿಸಿದ್ದರು ಅಂತ ನೋಡಬೇಕಾದರೆ ಇವತ್ತು ಆ ಕಾರಿನ ಮುಂದೆ ನಿಂತು ಪ್ರಯೋಜನ ಇಲ್ಲ. ಆ ಉತ್ತರಗಳು ಗುಜರಿ ಸೇರಿವೆ. ಆದರೆ ಆಗಿನವರನ್ನ ನಾನು ಬಯ್ಯಲ್ಲ. ಅವರ ಕೈಲಿದ್ದದ್ದು ಮೂರು ವರ್ಷದ ಹಳೆಯ ರೇಸ್ ಕಾರು. ಅದರ ಕೆಲಸ ಮುಂದಿನ ರೇಸ್ ಗೆಲ್ಲೋದು. ನಮ್ಮ ತೋಟದವರ ಕೈಲಿದ್ದದ್ದೂ ಹಾಗೇ, ಹತ್ತು ಹದಿನೈದು ವರ್ಷದ ಹಳೇ ಕಾರು. ಅದರ ಕೆಲಸ ಮೂಟೆ ಸಾಗಿಸೋದು. ಇವತ್ತು ನಿನ್ನ ಹತ್ತಿರ ಮೂಟೆ ಸಾಗಿಸೋಕೆ ಬೊಲೆರೊ ಇದೆ, ಬೆಂಗಳೂರಿಗೆ ಹೋಗೋಕೆ ಇನ್ನೊಂದು ಕಾರಿದೆ. ಈ ಷೆವರ್ಲೆಯಿಂದ ನಿನಗೆ ಆಗಬೇಕಾದ ಕೆಲಸ ಏನು?

ಅಳಿಯ: ವರ್ಷಕ್ಕೆ ಒಂದೆರಡು ಸಲ ರ‍್ಯಾಲಿ. ಮನೆಯ ಮದುವೆ. ಭಾನುವಾರ ಮಕ್ಕಳನ್ನ ಕೂರಿಸಿಕೊಂಡು ಒಂದು ಸುತ್ತು. ಮತ್ತೆ... ಅಜ್ಜನದ್ದು ಅನ್ನೋದು.

ಮಾವ: ಅಲ್ಲೇ ವ್ಯತ್ಯಾಸ ಇರೋದು. ಆಗ ಅದು ಕೆಲಸದ ಗಾಡಿ, ಈಗ ಅದು ಸಾಕ್ಷಿ. ಕೆಲಸದ ಗಾಡಿಯನ್ನ ಕೆಲಸಕ್ಕೆ ತಕ್ಕಂತೆ ತಿದ್ದೋದು ನ್ಯಾಯ. ಸಾಕ್ಷಿಯನ್ನ ನಮ್ಮ ಅನುಕೂಲಕ್ಕೆ ತಿದ್ದಿದರೆ ಅದು ಮುಂದೆ ಯಾರಿಗೂ ನಿಜ ಹೇಳಲ್ಲ.

ಅಳಿಯ: ಆದರೆ ಮಾವ, ಹಾಗೆ ಮುಟ್ಟದೆ ಇಟ್ಟ ಗಾಡಿಗೆ ಯಾರು ಬೆಲೆ ಕೊಡ್ತಾರೆ? ತುಕ್ಕು, ಹರಿದ ಸೀಟು, ಬಿರುಕುಬಿಟ್ಟ ಬಣ್ಣ. ಮೈದಾನದಲ್ಲಿ ಪಕ್ಕದ ಗಾಡಿ ಕನ್ನಡಿ ಹಾಗೆ ಹೊಳೆಯುವಾಗ ನಮ್ಮದರ ಕಡೆ ಯಾರೂ ತಿರುಗಿ ನೋಡಲ್ಲ.

ಮಾವ: ಇಪ್ಪತ್ತು ವರ್ಷದ ಹಿಂದೆ ನೀನು ಹೇಳಿದ್ದು ಅಕ್ಷರಶಃ ನಿಜ. ಈಗ ಗಾಳಿ ತಿರುಗಿದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಪ್ರದರ್ಶನ 1950ರಲ್ಲಿ ಶುರುವಾದದ್ದು. ಹಳೇ ಕಾರಿನವರಿಗೆ ಅದಕ್ಕಿಂತ ದೊಡ್ಡ ಮೈದಾನ ಇಲ್ಲ. ಅಲ್ಲಿನ ಅತ್ಯುನ್ನತ ಪ್ರಶಸ್ತಿ ಪ್ರತಿ ವರ್ಷ ಥಳಥಳ ಹೊಳೆಯೋ ಕಾರಿಗೇ ಹೋಗ್ತಿತ್ತು. 2024ರಲ್ಲಿ ಮೊದಲ ಸಲ, ರೆಸ್ಟೋರ್ ಮಾಡದೆ ಇದ್ದ ಹಾಗೇ ಕಾಪಾಡಿದ ಕಾರಿಗೆ ಬಂತು. 1934ರ ಬುಗಾಟಿ ಟೈಪ್ 59 ಸ್ಪೋರ್ಟ್ಸ್. ಬಣ್ಣ ಎಲ್ಲ ಮಾಸಿ, ಬಿರುಕು ಬಿಟ್ಟು, ಅಲ್ಲಲ್ಲಿ ಎದ್ದು ಹೋಗಿದೆ.

ಆ ಕಾರಿನ ಕಥೆ ಕೇಳು, ನಿನಗೆ ಬೇಕಾದದ್ದೆಲ್ಲ ಅದರಲ್ಲಿ ಇದೆ. ಮೊದಲು ಅದು ಗ್ರ್ಯಾನ್ ಪ್ರಿ ರೇಸಿನ ಕಾರು. 1934ರಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿಯನ್ನ ರೆನೆ ಡ್ರೈಫಸ್ ಅದರಲ್ಲಿ ಗೆದ್ದರು. ಆಮೇಲೆ ಬುಗಾಟಿ ಕಾರ್ಖಾನೆಯವರೇ ಸೂಪರ್‌ಚಾರ್ಜರ್ ತೆಗೆದು ಅದನ್ನ ಸ್ಪೋರ್ಟ್ಸ್ ಕಾರು ಮಾಡಿದರು. ಬೆಲ್ಜಿಯಂನ ದೊರೆ ಮೂರನೇ ಲಿಯೋಪೋಲ್ಡ್ ಅದನ್ನ ಕೊಂಡ. ಫ್ರಾನ್ಸಿನ ರೇಸಿಂಗ್ ನೀಲಿ ಹೋಗಿ ಕಪ್ಪು ಬಣ್ಣ, ಮೇಲೊಂದು ಹಳದಿ ಪಟ್ಟಿ ಬಂತು. ಈಗ ನಿನ್ನ ಲೆಕ್ಕದಲ್ಲಿ ಅದರ ಒರಿಜಿನಲ್ ಯಾವುದು? ಕಾರ್ಖಾನೆಯಿಂದ ಹೊರಟ ದಿನದ್ದು ಅಂದರೆ ನೀಲಿ ಬಳಿದು, ಸೂಪರ್‌ಚಾರ್ಜರ್ ಕೂರಿಸಿ ಮತ್ತೆ ಗ್ರ್ಯಾನ್ ಪ್ರಿ ಕಾರು ಮಾಡಬೇಕಿತ್ತು. ಯಾರೂ ಹಾಗೆ ಮಾಡಲಿಲ್ಲ. ದೊರೆಯ ಕಪ್ಪು ಬಣ್ಣವನ್ನ ಹಾಗೇ ಬಿಟ್ಟರು. ಬದಲಾದ ಕಾರನ್ನ ಬದಲಾದ ಸ್ಥಿತಿಯಲ್ಲೇ ಕಾಪಾಡಿದ್ದಕ್ಕೆ ಆ ಪ್ರಶಸ್ತಿ ಬಂತು.

ಅಳಿಯ: ಬುಗಾಟಿಗೆ ದೊರೆಯ ಹೆಸರಿದೆ, ರೇಸಿನ ಹೆಸರಿದೆ. ನಮ್ಮದಕ್ಕೆ ಹೆಸರೇ ಇಲ್ಲದ ಆಚಾರಿ.

ಮಾವ: ಅದಕ್ಕೇ ನನಗೆ ಇದರ ಮೇಲೆ ಕಾಳಜಿ ಹೆಚ್ಚು. ದೊರೆಯ ಕಾರನ್ನ ಕಾಪಾಡೋಕೆ ಕೋಟಿಗಟ್ಟಲೆ ಹಣ, ಪುಸ್ತಕ, ಪತ್ರಾಗಾರ ಎಲ್ಲ ಇವೆ. ಇಲ್ಲಿ ಆಮದು ನಿಂತ ಕಾಲದಲ್ಲಿ ಲೇತಿನ ಮೇಲೆ ಪಿಸ್ಟನ್ ಪಿನ್ ತಿರುವಿಕೊಟ್ಟವನು, ಲಾರಿಯ ಬೇರಿಂಗನ್ನ ಕಾರಿಗೆ ಹೊಂದಿಸಿದವನು, ಟ್ಯಾಕ್ಸಿಯಾಗಿ ಬದುಕಲಿ ಅಂತ ಡಾಡ್ಜು ಪ್ಲೈಮೌತಿಗೆ ಡೀಸೆಲ್ ಎಂಜಿನ್ ಇಳಿಸಿದವನು, ಇವರ ಹೆಸರನ್ನ ಯಾವ ಪುಸ್ತಕವೂ ಬರೆದಿಲ್ಲ. ಅವರ ಕೆಲಸ ಇರೋದು ಗಾಡಿಗಳಲ್ಲಿ ಮಾತ್ರ. ಒರಿಜಿನಲ್ ಮಾಡ್ತೀವಿ ಅಂತ ನಾವು ಅದನ್ನ ಕಿತ್ತು ಎಸೆದರೆ ಅವರು ಇದ್ದರು ಅನ್ನೋದಕ್ಕೂ ಪುರಾವೆ ಇರಲ್ಲ. ಕಾರನ್ನ ಮಾಡಿದವರು ಅಮೆರಿಕದವರು, ನಿಜ. ತೊಂಬತ್ತು ವರ್ಷ ಅದನ್ನ ಬದುಕಿಸಿದವರು ನಮ್ಮವರು.

ಅಳಿಯ: ಆದರೆ ಟೂರರ್ ಮಾಡೋದು ನಾನೊಬ್ಬನೇ ಅಲ್ಲವಲ್ಲ.

ಮಾವ: ಅಲ್ಲ, ನಿಜ. ಅದರಿಂದ ಆದ ನಷ್ಟವನ್ನೂ ನೋಡಿದ್ದೀವಿ. ಈ ಷೆವರ್ಲೆ ಹುಟ್ಟಿದ ಕಾಲದಲ್ಲಿ ರೋಲ್ಸ್ ರಾಯ್ಸ್, ಬೆಂಟ್ಲಿ ಕಂಪನಿಗಳು ಬಾಡಿ ಕಟ್ಟುತ್ತಿರಲಿಲ್ಲ. ಚಾಸಿ, ಎಂಜಿನ್ನು ಕೊಡೋರು. ಹೂಪರ್, ಬಾರ್ಕರ್ ಥರದ ಬಾಡಿ ಕಟ್ಟುವವರ ಹತ್ತಿರ ಧಣಿಗಳು ಬೇಕಾದ ಬಾಡಿ ಕಟ್ಟಿಸಿಕೊಳ್ಳೋರು. ಬೆಂಟ್ಲಿಗೆ ಕಟ್ಟಿದ ಎಷ್ಟೋ ಒಳ್ಳೆಯ ಮುಚ್ಚುಬಾಡಿಗಳನ್ನ ಆಮೇಲಿನವರು ಕಿತ್ತು ಎಸೆದು, ಲೆ ಮಾನ್ ಕಾರಿನ ಥರ ತೆರೆದ ಬಾಡಿ ಹಾಕಿಸಿದರು. ನೋಡೋಕೆ ಚೆಂದ, ಮಾರಿದರೆ ದುಡ್ಡೂ ಜಾಸ್ತಿ. ಈಗ ಆ ಹಳೇ ಮುಚ್ಚುಬಾಡಿ ಉಳಿಸಿಕೊಂಡ ಬೆಂಟ್ಲಿ ಸಿಗೋದು ಕಷ್ಟ, ತೆರೆದ ನಕಲು ಎಲ್ಲೆಂದರಲ್ಲಿ. ನಿನ್ನ ಟೂರರ್ ಯೋಚನೆಯೂ ಆ ದಾರಿಯದ್ದೇ.

ಅಳಿಯ: ಇನ್ನು ಎಲೆಕ್ಟ್ರಿಕ್ ಮಾಡಿಸು ಅಂತ ನನ್ನ ಸ್ನೇಹಿತರು ಹೇಳ್ತಿದ್ದಾರೆ. 2018ರಲ್ಲಿ ಇಂಗ್ಲೆಂಡಿನ ರಾಜಕುಮಾರ ಹ್ಯಾರಿಯ ಮದುವೆಗೆ ತಂದದ್ದು ಎಲೆಕ್ಟ್ರಿಕ್ ಮಾಡಿದ ಜಾಗ್ವಾರ್ ಇ ಟೈಪ್. ಹೊಗೆ ಇಲ್ಲ, ರಿಪೇರಿ ಇಲ್ಲ.

ಮಾವ: ಬೇಡವೇ ಬೇಡ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಂದಿದೆ, ಫಿವಾ ಅಂತ, 1966ರಿಂದ ಇದೆ. ಎಂಜಿನ್ ತೆಗೆದು ಮೋಟರ್ ಹಾಕಿದ ಗಾಡಿಯನ್ನ ಐತಿಹಾಸಿಕ ವಾಹನ ಅಂತ ಕರೆಯಲಾಗದು ಅಂತ ಅವರು 2019ರಲ್ಲಿ ಹೇಳಿದರು. ಮಾಡಲೇಬೇಕು ಅನ್ನೋರಿಗೆ ಒಂದು ಮಾತನ್ನೂ ಹೇಳಿದರು: ಮತ್ತೆ ಹಿಂದಕ್ಕೆ ತರೋ ಹಾಗೆ ಮಾಡಿ, ತೆಗೆದ ಭಾಗವನ್ನೆಲ್ಲ ಜೋಪಾನವಾಗಿ ಇಡಿ. ನನ್ನ ಮಾತು ಇನ್ನೂ ಸರಳ. ಈ ಗಾಡಿಯಲ್ಲಿ ಆರು ಸಿಲಿಂಡರಿನ ಸದ್ದು ಹೋದರೆ ಉಳಿಯೋದು ಮೂತಿ. ಅದನ್ನ ನೋಡೋಕೆ ಫೋಟೊ ಸಾಕು.

ಅಳಿಯ: ಹಾಗಾದರೆ ಬಣ್ಣ? ಪೇಂಟರ್ ಪೂರಾ ಕೆರೆದು ಪಿಯು (ಪಾಲಿಯುರೆಥೇನ್) ಬಣ್ಣ, ಮೇಲೆ ಕ್ಲಿಯರ್ ಕೋಟ್ ಹೊಡೀತೀನಿ ಅಂದಿದ್ದಾನೆ.

ಮಾವ: 1929ರಲ್ಲಿ ಈ ಗಾಡಿಗೆ ಹೊಡೆದದ್ದು ಡ್ಯೂಕೊ ಲ್ಯಾಕರ್. ಕ್ಲಿಯರ್ ಕೋಟಿನ ಹೊಳಪು ಅದಕ್ಕೆ ಯಾವತ್ತೂ ಇರಲಿಲ್ಲ. ಬಾನೆಟ್ ಹಿಂದೆ, ಡ್ಯಾಶ್‌ಬೋರ್ಡಿನ ಕೆಳಗೆ ಬೆರಳಗಲ ಜಾಗದಲ್ಲಿ ನಾನು ನಿಧಾನಕ್ಕೆ ಉಜ್ಜಿ ನೋಡಿದ್ದೀನಿ. ಮೇಲೆ ತೋಟದ ಹಸಿರು ಎರಡು ಪದರ, ಕೆಳಗೆ ಕಡು ನೀಲಿ. ನಮ್ಮ ಊರಿನ ಹಳೇ ಗುಡಿಯ ಕಲ್ಲುಕಂಬಕ್ಕೆಲ್ಲ ಆಯಿಲ್ ಪೇಂಟ್ ಬಳಿದು ಉಳಿಯ ಗುರುತು ಮುಚ್ಚಿಬಿಟ್ಟರಲ್ಲ, ಹಾಗೆ ಮಾಡಬೇಡ. ತುಕ್ಕು ಹಿಡಿದ ಕಡೆ ಮಾತ್ರ ತಡೆ, ಮಿಕ್ಕದ್ದಕ್ಕೆ ಮೇಣ ಉಜ್ಜು.

ಅಳಿಯ: ಹಾಗಾದರೆ ನಾನು ಏನನ್ನೂ ಮುಟ್ಟಬಾರದು ಅಂತಲಾ?

ಮಾವ: ಹಾಗಲ್ಲ. ಮುಟ್ಟಲೇಬೇಕಾದದ್ದು ಬಹಳ ಇದೆ, ಅಲ್ಲಿ ನಾನು ಕಟ್ಟುನಿಟ್ಟು ಮಾಡಲ್ಲ. ಹಳೇ ಬ್ರೇಕ್ ಲೈನಿಂಗ್ ಕಲ್ನಾರಿನದ್ದು, ಅದರ ಧೂಳು ಶ್ವಾಸಕೋಶಕ್ಕೆ ವಿಷ. ತೆಗೆದು ಕಲ್ನಾರು ಇಲ್ಲದ್ದು ಹಾಕು. ಡ್ರಮ್ ಸರಿಯಾಗಿ ತಿರುವಿಸಿ, ಸರಳುಗಳ ಪಿನ್ನು, ಬುಷ್ಷು ಹೊಸದು ಮಾಡಿ, ನಾಲ್ಕೂ ಚಕ್ರ ಒಂದೇ ಸಮ ಹಿಡಿಯೋ ಹಾಗೆ ಹೊಂದಿಸಿದರೆ ಮೆಕ್ಯಾನಿಕಲ್ ಬ್ರೇಕು ನೀನು ಅಂದುಕೊಂಡಷ್ಟು ಕೆಟ್ಟದ್ದಲ್ಲ. ಜನ ಬಯ್ಯೋದು ಸವೆದ ಬ್ರೇಕನ್ನ. ಎಟೊರೆ ಬುಗಾಟಿ ಗ್ರ್ಯಾನ್ ಪ್ರಿ ಕಾರಿಗೇ ಕೇಬಲ್ ಬ್ರೇಕು ಇಟ್ಟುಕೊಂಡಿದ್ದ.

ಪೆಟ್ರೋಲಿನದ್ದು ಇನ್ನೊಂದು. ಈಗ ಬಂಕಿನಲ್ಲಿ ಸಿಗೋದು ಶೇ 20ರಷ್ಟು ಎಥನಾಲ್ ಬೆರೆಸಿದ್ದು. ಅದು ಹಳೇ ರಬ್ಬರನ್ನ ತಿನ್ನುತ್ತೆ, ಕಾರ್ಕಿಗೆ ಬಳಿದ ಅರಗನ್ನ ಕರಗಿಸುತ್ತೆ, ನೀರು ಹೀರಿಕೊಂಡು ಟ್ಯಾಂಕಿನೊಳಗೆ ತುಕ್ಕು ಹಿಡಿಸುತ್ತೆ. ಪೈಪು, ವಾಷರ್, ಗ್ಯಾಸ್ಕೆಟ್ ಬದಲಾಯಿಸದೆ ಓಡಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಇಲ್ಲಿ ಒರಿಜಿನಲ್ ಅಂತ ಹಟ ಹಿಡಿಯೋದು ಮೂರ್ಖತನ. ಇಂಡಿಕೇಟರ್ ಬೇಕಾದರೆ ಹಾಕು. ಆದರೆ ಕ್ಲಿಪ್ಪಿನಿಂದ ಕಚ್ಚಿಸಿ ಹಾಕು, ಮಡ್‌ಗಾರ್ಡ್ ಕೊರೆದು ಹಾಕಬೇಡ. ಡಿಸ್ಕ್ ಬ್ರೇಕಿಗೆ ಆಕ್ಸಲ್ಲೇ ಬದಲಾಗಬೇಕು, ಗೇರ್ ಬಾಕ್ಸಿಗೆ ಚಾಸಿಯ ಅಡ್ಡಪಟ್ಟಿ ಕತ್ತರಿಸಬೇಕು. ಅದಕ್ಕೆ ನನ್ನ ಕೈಯಿಂದ ಸಹಾಯ ಸಿಗಲ್ಲ. ಎರಡು ಸಲ ಕ್ಲಚ್ ತುಳಿಯೋದನ್ನ ಒಂದು ಭಾನುವಾರದಲ್ಲಿ ನಾನೇ ಕಲಿಸ್ತೀನಿ. ಶಿರಾಡಿಯಲ್ಲಿ ಟ್ಯಾಂಕರುಗಳ ನಡುವೆ ಇಳಿಯೋ ಯೋಚನೆ ಬಿಡು. ಆ ದಾರಿ ದಾಟಬೇಕಾದರೆ ಗಾಡಿಯನ್ನ ಲಾರಿ ಮೇಲೆ ಕಳಿಸು.

ಅಳಿಯ: ಮಾವ, ಒಂದು ಮುಖ್ಯವಾದದ್ದು ಉಳಿದಿದೆ. ನಾನು ಟೂರರ್ ಮಾಡಿಸೋಕೆ ಹೊರಟದ್ದಕ್ಕೆ ಫೋಟೊ ಒಂದೇ ಕಾರಣ ಅಲ್ಲ, ಕಾನೂನೂ ಕಾರಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಕ್ಕೆ ಬೇರೆ ನಿಯಮ ತಂದಿತಲ್ಲ. ಐವತ್ತು ವರ್ಷ ದಾಟಿದ ಗಾಡಿಗೆ ವಿಎ ಅಂತ ನಂಬರ್, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ಮರುನೋಂದಣಿಗೆ 5,000. ಆದರೆ ಷರತ್ತು ಏನು? ಗಾಡಿ ಮೂಲ ರೂಪದಲ್ಲಿ ಇರಬೇಕು. ಚಾಸಿ, ಬಾಡಿ, ಎಂಜಿನ್ನಿನಲ್ಲಿ ಬದಲಾವಣೆ ಆಗಿರಬಾರದು. ನಿಮ್ಮ ಆಚಾರಿಯ ಡಬ್ಬಾ ಇಟ್ಟುಕೊಂಡು ಹೋದರೆ ಬಾಡಿ ಬದಲಾಗಿದೆ ಅಂತ ಅರ್ಜಿ ತಿರಸ್ಕಾರ ಮಾಡ್ತಾರೆ.

ಮಾವ: ಮಾಡಬಹುದು. ನಿಯಮವನ್ನ ಅಕ್ಷರ ಹಿಡಿದು ಓದಿದರೆ ಹಾಗೇ ಆಗುತ್ತೆ. ನಿಯಮ ಬಂದದ್ದು ಒಳ್ಳೆಯದೇ, ಅದಕ್ಕೂ ಮೊದಲು ಹಳೇ ಗಾಡಿಗೆ ಅಂತಲೇ ದೇಶಕ್ಕೆಲ್ಲ ಒಂದು ನೋಂದಣಿ ನಿಯಮ ಇರಲಿಲ್ಲ. ಆದರೆ ಈ ಷರತ್ತಿನಲ್ಲಿ ದೋಷ ಇದೆ. ಏನು ಬದಲಾಗಿದೆ ಅಂತ ಕೇಳುತ್ತೆ, ಯಾವಾಗ ಬದಲಾಯಿತು ಅಂತ ಕೇಳಲ್ಲ. ಯುದ್ಧದ ಕಾಲದಲ್ಲಿ ಕಟ್ಟಿದ ಹೊನ್ನೆ ಮರದ ಬಾಡಿಯನ್ನ ಹೊರಗೆ ನಿಲ್ಲಿಸುತ್ತೆ. ಹೋದ ತಿಂಗಳು ಬೆಂಗಳೂರಲ್ಲಿ ಬಡಿದ ಹೊಸ ಟೂರರ್ ಬಾಡಿ ನೋಡೋಕೆ ಹಳೆಯದರ ಥರ ಇದ್ದರೆ ಒಳಗೆ ಬಿಡುತ್ತೆ. ಅಂದರೆ ನಕಲು ಮಾಡಿಸಿದವನಿಗೆ ನಂಬರ್ ಪ್ಲೇಟು, ಕಾಪಾಡಿದವನಿಗೆ ಇಲ್ಲ. ಇದು ತಿದ್ದಬೇಕಾದ ನಿಯಮ. ಐವತ್ತು ವರ್ಷದ ಗಾಡಿ ವಿಂಟೇಜ್ ಆಗುತ್ತೆ ಅಂದಮೇಲೆ ಐವತ್ತು ವರ್ಷದ ಹಿಂದೆಯೇ ಆದ ಬದಲಾವಣೆಯೂ ಆ ಗಾಡಿಯ ಭಾಗ ಅಂತ ಒಪ್ಪಬೇಕು. ಒಂದು ಸಾಲು ಸೇರಿಸಿದರೆ ಸಾಕು.

ಅಳಿಯ: ಆ ಸಾಲು ಯಾರು ಸೇರಿಸ್ತಾರೆ?

ಮಾವ: ನಾವು ಕೇಳಿದರೆ ಸೇರಿಸಬಹುದು, ಕೇಳದೆ ಇದ್ದರೆ ಖಂಡಿತ ಇಲ್ಲ. ರಾಜ್ಯ ಮಟ್ಟದಲ್ಲಿ ಗಾಡಿ ನೋಡಿ ಒಪ್ಪಿಗೆ ಕೊಡೋಕೆ ಸಮಿತಿ ಅಂತ ಆ ನಿಯಮದಲ್ಲೇ ಇದೆ. ಬಂಗಲೆಯ ಫೋಟೊ, ಹಲಗೆ ಮೇಲಿನ ಗೀಟಿನ ಫೋಟೊ, ಇದ್ದಿಲು ಒಲೆಯ ತೂತಿನ ಫೋಟೊ, ಚಾಸಿ ಕ್ಲಾಂಪಿನ ಫೋಟೊ, ಅಜ್ಜನ ಕಾಲದ ತೋಟದ ಲೆಕ್ಕದ ಪುಸ್ತಕದಲ್ಲಿ ಮರಕ್ಕೆ, ಆಚಾರಿಗೆ ದುಡ್ಡು ಕೊಟ್ಟ ಪುಟ ಸಿಕ್ಕರೆ ಅದರದ್ದೂ ಪ್ರತಿ, ಎಲ್ಲ ಸೇರಿಸಿ ಬರಿ. ನಂಬರ್ ಸಿಗದಿದ್ದರೆ ಈಗಿರುವ ಹಳೇ ನೋಂದಣಿಯಲ್ಲೇ ಇರಲಿ. ಒಂದು ಪ್ಲೇಟಿಗಾಗಿ ಎಂಬತ್ತು ವರ್ಷದ್ದನ್ನ ಒಡೆಯೋದು ಬೇಡ.

ಅಳಿಯ: ಲೆಕ್ಕದ ಪುಸ್ತಕ ಅಟ್ಟದ ಮೇಲೆ ಇರಬೇಕು. ಗೆದ್ದಲು ಹಿಡಿಯದೆ ಉಳಿದಿದ್ದರೆ ಹುಡುಕ್ತೀನಿ. ಆದರೆ ಆ ಟೂರರ್ ಫೋಟೊ, ಮಾವ... ಅದನ್ನ ಬಿಡೋಕೆ ಮನಸ್ಸು ಒಪ್ತಿಲ್ಲ.

ಮಾವ: ಬಿಡು ಅಂತ ನಾನೂ ಹೇಳಲ್ಲ. ದೊಡ್ಡದು ಮಾಡಿಸಿ ಶೆಡ್ಡಿನ ಗೋಡೆಗೆ ಹಾಕು, ಗಾಡಿ ಅದರ ಮುಂದೆ ನಿಲ್ಲಲಿ. ನೋಡಿದವರಿಗೆ ಎರಡೂ ತಿಳಿಯಲಿ. ಮುಂದೆ ಯಾವತ್ತಾದರೂ ನಿನ್ನ ಮಕ್ಕಳಿಗೆ ಟೂರರ್ ಬೇಕೇ ಬೇಕು ಅನ್ನಿಸಿದರೆ ಕ್ಲಾಂಪು ಸಡಿಲಿಸಿ ಡಬ್ಬಾವನ್ನ ಇಡಿಯಾಗಿ ಇಳಿಸಿ ಇಡಬಹುದು. ಆ ದಾರಿಯನ್ನ ಆಚಾರಿ ತೆರೆದೇ ಇಟ್ಟಿದ್ದಾನೆ. ಒಡೆದು ಸೌದೆ ಮಾಡಿದರೆ ಮಾತ್ರ ಯಾರಿಗೂ ದಾರಿ ಇಲ್ಲ.

ಅಳಿಯ: ಹಾಗಾದರೆ ಮೇಸ್ತ್ರಿಗೆ ಏನಂತ ಹೇಳಲಿ? ಅಡ್ವಾನ್ಸ್ ಕೊಡ್ತೀನಿ ಅಂದಿದ್ದೆ.

ಮಾವ: ಟೂರರ್ ಬೇಡ ಅಂತ ಇವತ್ತೇ ಫೋನ್ ಮಾಡು. ಬೇರೆ ಕೆಲಸ ಇದೆ ಅಂತಲೂ ಹೇಳು. ಬಲಗಡೆ ಮಡ್‌ಗಾರ್ಡ್ ಒಳಗಿನಿಂದ ತುಕ್ಕು ಹಿಡಿದಿದೆ, ಅವರು ಒಳ್ಳೆ ಕೆಲಸಗಾರರಾದರೆ ಕೊಳೆತಷ್ಟೇ ಜಾಗ ಕತ್ತರಿಸಿ ತೇಪೆ ಹಾಕಲಿ. ಹಾಕಿದ ತೇಪೆಯ ಒಳಮೈಗೆ ತಮ್ಮ ಹೆಸರು, ಈ ವರ್ಷದ ಇಸವಿ ಗುದ್ದಲಿ. ಕತ್ತರಿಸಿದ ತುಂಡನ್ನ ವಾಪಸ್ ತಂದುಕೋ, ಗುಜರಿಗೆ ಕೊಡೋಕೆ ಬಿಡಬೇಡ. ನಾಳೆ ಬೆಳಿಗ್ಗೆ ಬ್ರೇಕ್ ಡ್ರಮ್ ಬಿಚ್ಚೋಣ, ಬೇಗ ಬಾ.